ಹಸೆ ಗೋಡೆ ಮತ್ತು ಸೊಸೆಯ ಡಿಸ್ಕು

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಲ್ಯಾಪ್‌ಟಾಪಿನ ಒಳಗಿರೋ ಡಿಸ್ಕನ್ನು ಹೇಗೆ ಪಾಲು ಮಾಡಬೇಕು ಅಂತ ಸೊಸೆಗೆ ನಾನು ಬುದ್ಧಿ ಹೇಳಿದೆ. ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಇನ್ನರ್ಧದಿಂದ ನನ್ನ ಅತ್ತಿಗೆಯ ಇಪ್ಪತ್ತೈದು ಗೋಡೆ ಹೋದವು.

ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಒತ್ತಕ್ಷರ ಈಗಲೂ ಕಷ್ಟ. ಇದನ್ನು ನಾನು ಬರೆದ ಹಾಗೆ ಸೊಸೆ ತಿದ್ದುತ್ತಾಳೆ. ತಪ್ಪು ಮಾತ್ರ ತಿದ್ದು, ಸಿಹಿ ಹಾಕಬೇಡ ಅಂದಿದ್ದೀನಿ.

ಗೋಡೆ ಅಂದರೆ ಹಸೆ ಗೋಡೆ. ನಮ್ಮ ಜನರಲ್ಲಿ ಮದುವೆ ಅಂದರೆ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಹಸೆ ಬರೆಯುತ್ತಾರೆ. ಅದರ ಮುಂದೆ ಹುಡುಗ ಹುಡುಗಿಯನ್ನು ಕೂರಿಸುತ್ತಾರೆ. ನಮ್ಮ ಕಡೆ ಅತ್ತಿಗೆಯಷ್ಟು ನೆಟ್ಟಗೆ ಎಳೆ ಎಳೆಯುವವರು ಯಾರೂ ಇರಲಿಲ್ಲ. ಅವಳು ನನ್ನ ಅಣ್ಣನ ಹೆಂಡತಿ. ಅವಳು ಬರೆಯುತ್ತಿದ್ದಳು, ನಾನು ಸಾರಿಸುತ್ತಿದ್ದೆ, ಅಕ್ಕಿ ಅರೆಯುತ್ತಿದ್ದೆ, ಎಳೆ ನೇರ ಬರಲಿ ಅಂತ ನೂಲಿನ ಒಂದು ತುದಿ ಹಿಡಿಯುತ್ತಿದ್ದೆ. ಸಾಗರದ ಸುತ್ತಿನ ಹಳ್ಳಿಗಳಲ್ಲಿ ನಾವಿಬ್ಬರೂ ತಿರುಗದ ಮದುವೆಮನೆ ಕಡಿಮೆ.

ನನಗೆ ಬರೆಯೋಕೆ ಬರಲ್ಲ ಅಂತಲ್ಲ. ಒಮ್ಮೆ ಅತ್ತಿಗೆಗೆ ಜ್ವರ ಅಂತ ಒಂದು ಮನೆಗೆ ನಾನೇ ಹೋಗಿ ಬರೆದೆ. ಗೋಡೆ ತುಂಬ ಗೀಟು ಎಳೆದು ಚೌಕ ಚೌಕವಾಗಿ ಸಣ್ಣ ಸಣ್ಣ ಮನೆ ಹಾಕಿದೆ. ಒಂದರಲ್ಲಿ ಗಿಳಿ, ಒಂದರಲ್ಲಿ ಬಾಸಿಂಗ, ಹೀಗೆ. ಕೊನೆಗೆ ದಂಡಿಗೆ ಬರೆಯಬೇಕು. ದಂಡಿಗೆ ಅಂದರೆ ಮದುಮಕ್ಕಳ ಪಲ್ಲಕ್ಕಿ, ಅದಿಲ್ಲದೆ ಹಸೆ ಇಲ್ಲ. ನೋಡಿದರೆ ಯಾವ ಮನೆಯಲ್ಲೂ ಅದು ಹಿಡಿಸಲ್ಲ. ಜಾಗ ಬೇಕಾದಷ್ಟಿದೆ, ಆದರೆ ಚೂರು ಚೂರಾಗಿದೆ. ಅತ್ತಿಗೆ ಜ್ವರದಲ್ಲೇ ಬಂದಳು. ಕೆಮ್ಮಣ್ಣಿನ ಬಟ್ಟೆ ತಗೊಂಡು ಇಡೀ ಗೋಡೆ ಸಾರಿಸಿಬಿಟ್ಟಳು. ನಾನು ಕಣ್ಣು ಬಿಟ್ಟುಕೊಂಡು ನಿಂತಿದ್ದೆ.

"ಸಾರಿಸೋವಾಗ ನಿಂತು ನೋಡಬಾರದು ಕಣೆ. ನೋಡಿದ್ರೆ ಕೈ ಹಿಂದೆ ಬರ್ತದೆ. ಆ ಕಡೆ ತಿರುಗು" ಅಂದಳು.

ಅವತ್ತಿಂದ ಹಳೇ ಹಸೆ ಸಾರಿಸುವ ಮೊದಲು ನಾನು ನಿಂತು ನೋಡಿದವಳಲ್ಲ.

ಆಮೇಲೆ ಅತ್ತಿಗೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಸ್ವಲ್ಪ ದಪ್ಪವಾಯಿತು. ಹೊಸನಗರದ ಹತ್ತಿರ ಮಗಳ ಮನೆ ಸೇರಿದಳು. ನಾನಿರೋದು ತೀರ್ಥಹಳ್ಳಿಯಲ್ಲಿ, ಮಗ ಸೊಸೆ ಜೊತೆ. ಸೊಸೆ ಶಾಲೆ ಟೀಚರು. ಅವಳಿಗೆ ಈ ಹಸೆ ಅಂದರೆ ಹುಚ್ಚು. ಎರಡು ಬೇಸಿಗೆ ರಜೆ ಪೂರ್ತಿ ಬಸ್ಸಲ್ಲಿ, ಆಟೋದಲ್ಲಿ, ನಡೆದು, ಅತ್ತಿಗೆ ಬರೆದ ಗೋಡೆ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಹೋಗಿ ಫೋಟೋ ತೆಗೆದಳು. ನಲವತ್ತಮೂರು ಗೋಡೆ. ಒಂದೊಂದು ಗೋಡೆಗೆ ಹತ್ತಾರು ಫೋಟೋ, ಮೂಲೆ ಬೇರೆ, ನಡು ಬೇರೆ. ತೆಗೆದು ಬಂದ ವರ್ಷವೇ ಸುಮಾರು ಗೋಡೆಗಳಿಗೆ ಡಿಸ್ಟೆಂಪರ್ ಬಳಿದರು. ಮತ್ತೆ ಹೋಗಿ ತೆಗೀತೀನಿ ಅಂದರೆ ಗೋಡೆಯೇ ಇಲ್ಲ.

ಆ ಫೋಟೋಗಳಿಂದಲೇ ಅತ್ತಿಗೆ ಮತ್ತೆ ಎದ್ದು ಕೂತದ್ದು. ಮಗಳ ಕೇರಿಯ ನಾಲ್ಕು ಹುಡುಗಿಯರು ಕಲೀತೀವಿ ಅಂತ ಬರುತ್ತಿದ್ದರು. ಕೈಯಲ್ಲಿ ಬರೆದು ತೋರಿಸೋಕಾಗಲ್ಲ. ಹಾಗಾಗಿ ಎರಡು ವಾರಕ್ಕೊಮ್ಮೆ ಸೊಸೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗೋದು, ಅತ್ತಿಗೆ ಎಡಗೈ ಬೆರಳಲ್ಲಿ ಗಾಜಿನ ಮೇಲೆ ತೋರಿಸಿ "ಇಲ್ಲಿಂದ ಹಿಡಿ, ಇಲ್ಲಿಗೆ ಬಿಡು" ಅನ್ನೋದು. ಗಾಜೆಲ್ಲ ಬೆರಳ ಗುರುತು. ಸೊಸೆ ಒರೆಸುತ್ತಿರಲಿಲ್ಲ.

ಆ ಲ್ಯಾಪ್‌ಟಾಪು ನಿಧಾನ ಆಯಿತು. ಒತ್ತಿದರೆ ನಾನು ಒಂದು ಲೋಟ ಚಾ ಕುಡಿದು ಮುಗಿಸಿದ ಮೇಲೆ ತೆರೆಯುತ್ತಿತ್ತು. ಸಾಗರದಲ್ಲಿ ಅದನ್ನು ಕೊಂಡ ಅಂಗಡಿಯವನಿಗೆ ಸೊಸೆ ಫೋನ್ ಮಾಡಿದಳು. ಅವನು ಹೇಳಿದ್ದಿಷ್ಟು. ಒಳಗಿನ ಡಿಸ್ಕು ಒಂದೇ ಹಾಲ್ ಇದ್ದ ಹಾಗಿದೆ. ಯಂತ್ರ ನಡೆಸೋ ಸಾಮಾನೂ ಅಲ್ಲೇ, ನಿಮ್ಮ ಫೋಟೋ ಕಾಗದವೂ ಅಲ್ಲೇ. ನಿಮ್ಮದನ್ನೆಲ್ಲ ಹೊರಗೆ ಕಾಪಿ ಮಾಡಿಕೊಳ್ಳಿ, ಡಿಸ್ಕು ಪೂರ್ತಿ ಅಳಿಸಿ, ಪಾಲು ಮಾಡಿ, ಹೊಸದಾಗಿ ವಿಂಡೋಸ್ ಹಾಕಿ. ಮುಂದೆ ಯಂತ್ರದ ಪಾಲು ಕೆಟ್ಟರೂ ನಿಮ್ಮ ಪಾಲನ್ನು ಮುಟ್ಟಬೇಕಾಗಿಲ್ಲ. ಹೇಗೆ ಮಾಡೋದು ಅಂತಲೂ ಹೇಳಿದ. ಸೊಸೆ ಬರೆದುಕೊಂಡಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು ಊಟ ಮಾಡಿ ಲ್ಯಾಪ್‌ಟಾಪು ತೆರೆದುಕೊಂಡು ಕೂತಳು. ಒಂದು ಹಾಳೆಯಲ್ಲಿ ಉದ್ದಕ್ಕೆ ಪಟ್ಟಿ ಬರೆದು ಐದು ಗೀಟು ಎಳೆದಿದ್ದಳು.

"ಇದೆಂತದು?"

"ಪಾಲು ಅತ್ತೆ. ಐನೂರು ಜಿಬಿ ಇದೆ. ಯಂತ್ರಕ್ಕೆ ನಲವತ್ತು ಸಾಕು. ಆಮೇಲೆ ಶಾಲೆಗೆ ಒಂದು, ಹಸೆಗೆ ಒಂದು, ಮನೆ ಕಾಗದಕ್ಕೆ ಒಂದು, ಹಾಡಿಗೆ ಒಂದು, ವಿಡಿಯೋಕ್ಕೆ ಒಂದು."

"ಹಸೆಗೆ ಹಾಕಿದ್ದು ತುಂಬಿದ್ರೆ?"

"ಹಾಡಿನ ಕಡೆ ಜಾಗ ಇರುತ್ತಲ್ಲ."

"ಹಾಡಿನ ಕಡೆ ಜಾಗ ಇದ್ರೆ ಹಸೆಗೆ ಎಂತ ಬಂತು? ಗೀಟು ಎಳೆದುಬಿಟ್ಯಲ್ಲ."

ನನಗೆ ಆ ದಂಡಿಗೆ ಹಿಡಿಸದ ಗೋಡೆ ಕಣ್ಣ ಮುಂದೆ ಬಂತು. ಅದನ್ನೇ ಹೇಳಿದೆ. ಮನೆ ಜಾಸ್ತಿ ಹಾಕಬೇಡ. ದೊಡ್ಡದು ಬಂದಾಗ ಹಿಡಿಸಲ್ಲ. ಎರಡೇ ಹಾಕು, ಯಂತ್ರಕ್ಕೊಂದು, ನಮಗೊಂದು. ನಮ್ಮದರ ಒಳಗೆ ನಿನಗೆ ಬೇಕಾದಷ್ಟು ಫೋಲ್ಡರ್ ಮಾಡಿಕೋ, ಅದಕ್ಕೆ ಗೀಟಿಲ್ಲ, ಹಿಗ್ಗುತ್ತೆ ಕುಗ್ಗುತ್ತೆ. ಮತ್ತೆ ಯಂತ್ರಕ್ಕೆ ನಲವತ್ತು ಕೊಟ್ಟು ಜುಗ್ಗತನ ಮಾಡಬೇಡ. ದಿನಾ ಅಪ್‌ಡೇಟ್ ಅಪ್‌ಡೇಟ್ ಅಂತ ಕೂಗುತ್ತೆ, ಅದು ಹೊಟ್ಟೆ ಬೆಳೆಸಿಕೊಳ್ಳೋ ಪ್ರಾಣಿ. ಧಾರಾಳ ಕೊಡು.

ಸೊಸೆ ನಕ್ಕಳು. "ಅತ್ತೆ, ಅಂಗಡಿಯವನೂ ನೂರೈವತ್ತು ಕೊಡಿ ಅಂದಿದ್ದ. ನಾನೇ ಕಡಿಮೆ ಮಾಡಿದ್ದೆ."

"ಮತ್ತೆ ಅವನಿಗೆ ಫೋನ್ ಮಾಡಿದ್ದೆಂತಕ್ಕೆ?"

ಇದು ಸರಿ ಹೇಳಿದ ಅರ್ಧ. ಈಗಲೂ ಅದೇ ಹೇಳುತ್ತೀನಿ. ಎರಡು ಪಾಲು ಸಾಕು.

ಅವಳು ತನ್ನ ಸಾಮಾನನ್ನು ಒಂದೊಂದಾಗಿ ಪೆನ್ ಡ್ರೈವಿಗೆ ಹಾಕಿದಳು. ಹಸೆ ಅಂತ ಹೆಸರಿದ್ದ ಹಳದಿ ಫೋಲ್ಡರನ್ನು ಎದುರಿನ ಪರದೆಯಿಂದಲೇ ಎತ್ತಿ ಹಾಕಿದಳು. ಚಣದಲ್ಲಿ ಹೋಯಿತು. ಅದರ ಮೂಲೆಯಲ್ಲಿ ಒಂದು ಸಣ್ಣ ಡೊಂಕು ಬಾಣ ಇತ್ತು. ನಾನು ಕಂಡೆ. ಬೇರೆ ಫೋಲ್ಡರಿಗೆ ಬಾಣ ಇರಲಿಲ್ಲ. ಅಂದಕ್ಕೆ ಇಟ್ಟಿರಬೇಕು ಅಂತ ಸುಮ್ಮನಾದೆ. ಜೀವಮಾನ ಎಳೆ ನೋಡಿದ ಕಣ್ಣು ನನ್ನದು.

ಆಮೇಲೆ ಪರದೆ ಇಂಗ್ಲಿಷಲ್ಲಿ ಕೇಳಿತು. ಸೊಸೆ ಓದಿ ಹೇಳಿದಳು. ಇದನ್ನು ಅಳಿಸಿದರೆ ಇದರಲ್ಲಿರೋದೆಲ್ಲ ಹೋಗುತ್ತೆ, ಅಳಿಸಲಾ ಅಂತ. ಅವಳ ಬೆರಳು ನಿಂತಿತು.

"ಅತ್ತೆ, ಸೋಮವಾರ ಶಾಲೆ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿ ಎಲ್ಲ ಬಂದಿದ್ಯಾ ನೋಡಿ, ಆಮೇಲೆ ಮಾಡ್ಲಾ?"

"ಕೆಮ್ಮಣ್ಣು ಕಲಸಿ ಆದ್ಮೇಲೆ ಸೋಮವಾರ ಅಂತಾರಾ? ಸಾರಿಸು. ನೋಡ್ತಾ ಕೂತ್ರೆ ಕೈ ಹಿಂದೆ ಬರ್ತದೆ."

"ಹೌದಾ?"

"ಹೌದು. ನಿಂಗೆ ನೋಡೋಕೆ ಹೆದರಿಕೆ ಆದ್ರೆ ಆ ಕಡೆ ತಿರುಗು."

ಅವಳು ಒತ್ತಿದಳು. ನಾನು ಆ ಕಡೆ ತಿರುಗಿದೆ.

ಹೊಸದು ಹಾಕಿ ಮುಗಿಯುವಾಗ ದೀಪ ಹಚ್ಚುವ ಹೊತ್ತು. ಲ್ಯಾಪ್‌ಟಾಪು ಚುರುಕಾಗಿತ್ತು. ಪೆನ್ ಡ್ರೈವ್ ಚುಚ್ಚಿ ಶಾಲೆದು ತೆಗೆದಳು, ಬಂತು. ಮನೆ ಕಾಗದ ಬಂತು. ಹಸೆ ಒತ್ತಿದಳು. ಸಿಗಲಿಲ್ಲ ಅಂತ ಬಂತು. ಮತ್ತೆ ಒತ್ತಿದಳು. ಆ ಡೊಂಕು ಬಾಣದ ಮೇಲೆ ಬೆರಳಿಟ್ಟು ನನಗೆ ಹೇಳಿದಳು. ಪರದೆ ಮೇಲಿದ್ದದ್ದು ಫೋಲ್ಡರಲ್ಲ, ಫೋಲ್ಡರ್ ಎಲ್ಲಿದೆ ಅಂತ ದಾರಿ ತೋರಿಸೋ ಚೀಟಿ. ಅದಕ್ಕೇ ಬಾಣ. ಚೀಟಿ ಬಂದಿತ್ತು, ಡಬ್ಬ ಬಂದಿರಲಿಲ್ಲ. ಡಬ್ಬವನ್ನು ನಾವು ಸಾರಿಸಿದ್ದೆವು.

ಅವಳು ಅತ್ತಳು. "ದೊಡ್ಡತ್ತೆಗೆ ನಾನು ಹೇಗೆ ಮುಖ ತೋರಿಸಲಿ?" ಅಂದಳು.

"ನೀನೆಂತಕ್ಕೆ ತೋರಿಸ್ಬೇಕು? ನಾಳೆ ನಾಡಿದ್ದು ಅಂದವಳು ನೀನು. ಇವತ್ತೇ ಅಂದವಳು ನಾನು. ಅವನಿಗೆ ಫೋನ್ ಮಾಡು."

ಸಾಗರದವನು ಹೇಳಿದ: "ಮೇಡಂ, ಅದರೊಳಗೆ ಇನ್ನೇನೂ ಹಾಕಬೇಡಿ. ಆಫ್ ಮಾಡಿ ತನ್ನಿ."

ಬೆಳಿಗ್ಗೆ ಬಸ್ಸು ಹತ್ತಿದೆವು. ಸೊಸೆ ಲ್ಯಾಪ್‌ಟಾಪನ್ನು ಬಾಣಂತಿ ಕೂಸು ಹಿಡಿದ ಹಾಗೆ ಹಿಡಿದಿದ್ದಳು. ಅಂಗಡಿಯವನು ಚಿಕ್ಕ ವಯಸ್ಸಿನವನಲ್ಲ, ತಲೆ ನರೆತಿತ್ತು, ಮಾತು ನೇರ. ನನಗೆ ಹಿಡಿಸಿದ. ಅವನು ಹೇಳಿದ್ದು ನನಗೆ ಗೋಡೆಯ ಹಾಗೆ ಅರ್ಥವಾಯಿತು. ಗೀಟು ಎಳೆದರೆ, ಅಳಿಸಿದೆ ಅಂದರೆ, ಕೆಳಗಿನದು ಆ ಕೂಡಲೇ ಹೋಗಲ್ಲ. ಅದರ ಮೇಲೆ ಹೊಸದು ಬರೆದಾಗ ಹೋಗುತ್ತೆ. ಕೆಮ್ಮಣ್ಣು ಬಳಿದ ಗೋಡೆಗೆ ನೀರು ಸೋಕಿದರೆ ಹಳೇ ಬಿಳಿ ಎಳೆ ಮಂಕಾಗಿ ಮೇಲೆ ಏಳುತ್ತಲ್ಲ, ಹಾಗೆ. ನಮ್ಮ ಪಾಲಿನ ಕಡೆ ಇನ್ನೂ ಏನೂ ಬರೆದಿಲ್ಲ, ಅಲ್ಲಿರೋದು ಸಿಗಬಹುದು. ಯಂತ್ರದ ಪಾಲಿನಲ್ಲಿ ವಿಂಡೋಸ್ ಕೂತಿದೆ, ಅದು ಕೂತ ಜಾಗದ್ದು ಸಿಗೋದು ಕಷ್ಟ.

"ಅಜ್ಜಿ, ಇನ್ನೊಂದು ಮಾತು" ಅಂದ. "ಎರಡು ಪಾಲು ಮಾಡಿದ್ರಿ ಅಂತ ಎರಡು ಕಡೆ ಇಟ್ಟ ಹಾಗಲ್ಲ. ಡಿಸ್ಕು ಒಂದೇ. ಅದು ಸತ್ರೆ ಎರಡೂ ಪಾಲು ಒಟ್ಟಿಗೇ ಸಾಯ್ತಾವೆ. ಇನ್ನೊಂದು ಡಿಸ್ಕಲ್ಲಿ, ಇನ್ನೊಂದು ಮನೇಲಿ ಒಂದು ಕಾಪಿ ಇರಬೇಕು."

"ಇದನ್ನ ಮೊದಲೇ ಹೇಳ್ಬಾರದಿತ್ತಾ?"

"ಹೇಳಿದ್ದೆ. ಮೇಡಂ ಬರ್ಕೊಂಡಿದಾರೆ ನೋಡಿ."

ಬರೆದುಕೊಂಡಿದ್ದಳು. ಕೆಳಗಡೆ, ಅಡಿಗೀಟು ಹಾಕಿ.

ಒಂದು ವಾರ ಅವನು ಅದನ್ನು ಇಟ್ಟುಕೊಂಡ. ಮುಂದಿನ ಭಾನುವಾರ ಹೋದಾಗ ಹದಿನೆಂಟು ಗೋಡೆ ಕೊಟ್ಟ. ಹೆಸರಿಲ್ಲ, ಊರಿಲ್ಲ, ಬರೀ ನಂಬರು. ಉಳಿದ ಇಪ್ಪತ್ತೈದರಲ್ಲಿ ಕೆಲವು ತೆರೆದರೆ ಮೇಲೆ ಒಂದು ಗೇಣು ಕೆಂಪು, ಕೆಳಗೆಲ್ಲ ಬೂದಿ ಬಣ್ಣ. ಕೆಲವು ತೆರೆಯಲೇ ಇಲ್ಲ.

ತಿರುಗಿ ಬರುವಾಗ ಹೊಸನಗರದಲ್ಲಿ ಇಳಿದೆವು. ಸೊಸೆ ಮಾರನೇ ದಿನಕ್ಕೆ ರಜೆ ಹಾಕಿದ್ದಳು. ಅತ್ತಿಗೆ ಜಗಲಿಯ ಮಂಚದ ಮೇಲೆ ಕೂತಿದ್ದಳು, ಬಲಗೈ ಮಡಿಲಲ್ಲಿ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ, ಕೈ ಸರಿ ಇದ್ದಾಗ ಇಲ್ಲಿಗೆ ಬಂದು ಬರೆದ ಕಡೇ ಹಸೆ. ನಾನು ನೀರು ಕೂಡ ಕುಡಿಯದೆ ಹೇಳಿದೆ.

"ಅತ್ತಿಗೆ, ನಿನ್ನ ಇಪ್ಪತ್ತೈದು ಗೋಡೆ ಹೋದ್ವು. ಅಳಿಸು ಅಂತ ಹೇಳಿದ್ದು ನಾನು. ಇವಳು ನಿಲ್ಲಿ ಅಂದಳು, ನಾನು ಬಿಡಲಿಲ್ಲ."

"ಎಂತಕ್ಕೆ ಬಿಡಲಿಲ್ಲ?"

"ಸಾರಿಸೋವಾಗ ನೋಡಬಾರದು ಅಂತ ನೀನೇ ಹೇಳಿದ್ಯಲ್ಲ."

ಅವಳು ನನ್ನನ್ನು ನೋಡಿದಳು. ನಾಲಿಗೆ ಹೊರಳಿಸಿಕೊಂಡು ಒಂದೊಂದೇ ಮಾತು ಆಡಿದಳು. "ಮಾರಾಯ್ತಿ. ನಾನು ಹೇಳಿದ್ದು ಗೋಡೆಗೆ. ಡಬ್ಬಿಗಲ್ಲ."

ಸೊಸೆ ಉಳಿದ ಹದಿನೆಂಟನ್ನು ತೋರಿಸಿದಳು. ಅತ್ತಿಗೆ ಇದ್ದದ್ದನ್ನು ನೋಡಲಿಲ್ಲ, ಇಲ್ಲದ್ದನ್ನು ಹುಡುಕಿದಳು. "ಮೂರು ದಂಡಿಗೆದು? ಬಾವಿಕಟ್ಟೆ ಮನೆದು? ಇವಳ ಮದುವೆದು?" ಇಲ್ಲ, ಇಲ್ಲ, ಇಲ್ಲ. ಸೊಸೆ ತನ್ನ ಮದುವೆಯ ಗೋಡೆ ಹೋದದ್ದನ್ನು ನನಗೂ ಹೇಳಿರಲಿಲ್ಲ. ನಾನು ಅವಳ ಕಡೆ ನೋಡಿದೆ. ಅವಳು ಪರದೆ ಒರೆಸುತ್ತಿದ್ದಳು.

ಅತ್ತಿಗೆ ಆ ಕಡೆ ತಿರುಗಿ ಮಲಗಿದಳು. ಮಗಳು ಚಾ ಕೊಟ್ಟರೆ ಕುಡಿಯಲಿಲ್ಲ. ಹುಡುಗಿಯರು ಪಾಠಕ್ಕೆ ಬಂದವರು ಬಾಗಿಲಲ್ಲೇ ನಿಂತು ಹೋದರು. ಸಮಾಧಾನ ಹೇಳೋಕೆ ನನಗೆ ಬರಲ್ಲ. ಪಕ್ಕದಲ್ಲಿ ಕೂತೆ ಅಷ್ಟೆ. ಬಿಸಿಲು ಇಳಿದ ಮೇಲೆ ಅವಳೇ ಈ ಕಡೆ ತಿರುಗಿದಳು.

"ನಾಳೆ ಈ ಗೋಡೆ ಸಾರಿಸು. ಹೋದದ್ದು ಒಂದೊಂದೇ ಹೇಳ್ತೀನಿ. ನನಗೆ ನೆನಪಿದೆ. ನೀನು ಬರಿ. ಆ ಹುಡುಗೀರು ನೋಡ್ಲಿ."

"ನನ್ನ ಎಳೆ ಸೊಟ್ಟ ಅಂತ ಜೀವಮಾನ ಬೈದವಳು ನೀನೇ ಅಲ್ವಾ?"

"ಬೈತಾನೇ ಇರ್ತೀನಿ. ನೀನು ಬರೀತಾ ಇರು. ನನಗೆ ಕೈ ಇಲ್ಲ, ನಿನಗೆ ಬುದ್ಧಿ ಇಲ್ಲ. ಸೇರಿಸಿದ್ರೆ ಒಬ್ಬಳು ಆಗ್ತೀವೇನೋ."

ಬೆಳಿಗ್ಗೆ ಎದ್ದವಳು ಕೆಮ್ಮಣ್ಣಿನ ಹೆಂಟೆ ಪುಡಿ ಮಾಡಿ ಬಾನಿಗೆ ಹಾಕಿದೆ, ನೀರು ಹಾಕಲಿಲ್ಲ. ಮೊದಲು ಆ ಗೋಡೆಯ ಮುಂದೆ ಹೋಗಿ ನಿಂತೆ. ಮನೆಯಲ್ಲೇ ಇದೆಯಲ್ಲ ಅಂತ ಅದರ ಫೋಟೋ ಯಾರೂ ತೆಗೆದಿರಲಿಲ್ಲ. ಅಂಚಿನ ಎಳೆಯಿಂದ ನಡುವಿನ ದಂಡಿಗೆವರೆಗೆ ಎಲ್ಲವನ್ನೂ ನೋಡಿದೆ. ಅತ್ತಿಗೆ ಮಂಚದಿಂದ "ಹೊತ್ತಾಯ್ತು, ಎಂತ ನೋಡ್ತೀಯ" ಅಂದಳು. ಸೊಸೆಯನ್ನು ಕರೆದು ಮೂಲೆ ಮೂಲೆ ಫೋಟೋ ತೆಗೆಸಿದೆ. ಅತ್ತಿಗೆಯ ಮಗಳ ಫೋನಿಗೆ ಕಳಿಸು ಅಂದೆ. ಕಳಿಸಿದಳು. "ಈಗ ನಿನ್ನ ಫೋನು ಪೂರ್ತಿ ಆಫ್ ಮಾಡು" ಅಂದೆ. ಮಾಡಿದಳು. ಮಗಳ ಫೋನು ಕೈಗೆ ತಗೊಂಡು, ಒಂದೊಂದೇ ತೆರೆಸಿ, ದೊಡ್ಡದು ಮಾಡಿಸಿ, ಗೋಡೆಗೂ ಫೋನಿಗೂ ಎಳೆ ಎಳೆ ಹೋಲಿಸಿ ನೋಡಿದೆ. ಎಲ್ಲ ಬಂದಿತ್ತು. ಆಮೇಲೆ ಬಾನಿಗೆ ನೀರು ಹಾಕಿದೆ.