ಗರಗಸದಮ್ಮ ಕೊಂಡ ಹಳೇ ಮಷೀನು

ಗರಗಸದಮ್ಮ ಒಂದು ದಿನವೂ ಹೊಸ ಮಷೀನು ಕೊಂಡವಳಲ್ಲ. ಬೇಕರಿಗಳ ಇಟ್ಟಿಗೆ ಒಲೆಗೆ ಸೌದೆ ಕೊಯ್ದು ಕೊಡುವುದು, ಗಾಳಿಗೆ ಬಿದ್ದ ಮರವನ್ನು ತುಂಡು ಮಾಡಿ ದಾರಿ ಬಿಡಿಸುವುದು ಅವಳ ಕಸುಬು. ಗಂಡ ಇದ್ದಾಗ ಇಬ್ಬರೂ ಉದ್ದ ಗರಗಸದ ಎರಡು ತುದಿ ಹಿಡಿದು ಎಳೆಯುತ್ತಿದ್ದರು. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ಆಚೆ ತುದಿಗೆ ಜನವಿಲ್ಲದಂತಾಯಿತು. ಒಬ್ಬಳೇ ಎಳೆಯಲಾದೀತೆ? ಪೆಟ್ರೋಲಿನ ಚೈನ್ ಗರಗಸ ಕಲಿತಳು. ಮೊದಮೊದಲು ನಕ್ಕವರೇ ಆಮೇಲೆ ಮನೆ ಮುಂದೆ ಮರ ಉರುಳಿದಾಗ ಅವಳ ಬಾಗಿಲು ತಟ್ಟಿದರು. ಹೆಸರು ಹಿಂದೆ ಸರಿದು ಗರಗಸದಮ್ಮ ಎಂಬುದೇ ನಿಂತಿತು.

ಹಳೇ ಮಷೀನು ಆರಿಸುವುದರಲ್ಲಿ ಅವಳ ಕಣ್ಣು ಬಲು ಚುರುಕು. ಸ್ಟಾರ್ಟ್ ಮಾಡುವ ಹಗ್ಗ ಎಳೆದು ಒಳಗಿನ ಬಿಗಿ ನೋಡುವಳು. ಸೈಲೆನ್ಸರ್ ಬಿಚ್ಚಿ, ಕಿಂಡಿಗೆ ಟಾರ್ಚ್ ಬಿಟ್ಟು, ಪಿಸ್ಟನ್ ಮೇಲೆ ಗೀರು ಬಿದ್ದಿದೆಯೇ ಎಂದು ಇಣುಕುವಳು. ಓಡುವ ಮಷೀನಿನ ಮೂತಿಯನ್ನು ರಟ್ಟಿನ ಎದುರು ಹಿಡಿದು ಚೈನಿನಿಂದ ಎಣ್ಣೆ ಸಿಡಿಯುತ್ತದೆಯೇ ಎಂದು ನೋಡುವಳು. ಜೊತೆಗೆ ಗಂಡನ ತಮ್ಮ ಇರುತ್ತಿದ್ದ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಮೈದುನನಿಗೆ ರೇಡಿಯೊ ಎಂದೇ ಹೆಸರು. ಮಷೀನು ಮಾರುವವನ ಜೊತೆ ಅವನು ಹರಟೆ ಕೊಚ್ಚುತ್ತಿದ್ದರೆ ಇವಳು ತನ್ನಷ್ಟಕ್ಕೆ ನಟ್ಟು ಬೋಲ್ಟು ತಡವುತ್ತಿದ್ದಳು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಮಷೀನೊಂದು ಕೈಕೊಟ್ಟಿತು. ಬಟ್ಟೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ಹೊಲಿಗೆಯಾಕೆಯೊಬ್ಬಳು ಗಂಡನ ಮಷೀನು ಮಾರುತ್ತಿದ್ದಾಳೆಂದು ರೇಡಿಯೊ ಸುದ್ದಿ ತಂದ. ಇಬ್ಬರೂ ಹೋದರು. ಒಂದೇ ಉದ್ದನೆಯ ಕೋಣೆ, ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಒಳಮೂಲೆಯಲ್ಲಿ ಮಹಡಿಗೆ ಹತ್ತುವ ಮರದ ಏಣಿಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಮಷೀನು ಕೂತಿತ್ತು. ಒಳ್ಳೆಯ ಮಾಲು. ಹೆಚ್ಚು ದುಡಿದದ್ದಲ್ಲ.

"ಇಷ್ಟು ಚೆನ್ನಾಗಿರೋದನ್ನ ಯಾಕಮ್ಮ ಮಾರ್ತಿದೀಯ?" ಎಂದಳು ಗರಗಸದಮ್ಮ.

"ನಮ್ಮನೆಯವರು ಮರದ ಕೆಲಸ ಬಿಟ್ಟಿದಾರೆ. ದಿನಾ ಬೆಳಗಾದ್ರೆ ಗೋಣಿ ಸರಿಸಿ ಅದನ್ನೇ ನೋಡ್ತಾ ಕೂರ್ತಾರೆ. ಅವರು ಬರೋದ್ರೊಳಗೆ ತಗೊಂಡು ಹೋಗಿಬಿಡಿ, ಪುಣ್ಯ ಬರುತ್ತೆ."

ಗರಗಸದಮ್ಮ ಹಗ್ಗ ಎಳೆದಳು, ಪಿಸ್ಟನ್ ನೋಡಿದಳು, ಎಣ್ಣೆ ನೋಡಿದಳು. ಹಿಡಿಯ ಮುಂದಿರುವ ಬ್ರೇಕಿನ ತಡೆಯನ್ನೂ ಮುಂದಕ್ಕೆ ತಳ್ಳಿದಳು. ಮಷೀನು ಎಗರಿದರೆ ಕೈ ಆ ತಡೆಗೆ ತಾಗಿ ಚೈನು ಆ ಕ್ಷಣವೇ ನಿಲ್ಲಬೇಕು. ತಡೆ ಟಕ್ಕೆಂದು ಸದ್ದು ಮಾಡಿತು. ಆ ಸದ್ದು ಸಾಕೆನಿಸಿತು ಅವಳಿಗೆ. ಹೊಲಿಗೆಯಾಕೆಯ ಅವಸರ ಅವಳನ್ನೂ ಹತ್ತಿಕೊಂಡಿತ್ತೋ ಏನೋ.

ಮರುವಾರ ಒಂದು ಶಾಲೆಯ ಹಿಂದೆ ಮರ ಉರುಳಿ ಕಾಂಪೌಂಡ್ ಮೇಲೆ ಒರಗಿತ್ತು. ರಜೆಯ ದಿನ, ಮಕ್ಕಳಿರಲಿಲ್ಲ. ಹೊಸದಾಗಿ ಕೊಂಡ ಹಳೇ ಮಷೀನು ಬೆಣ್ಣೆ ಕೊಯ್ದಂತೆ ಕೊಯ್ಯುತ್ತಿತ್ತು. ದಪ್ಪ ಕೊಂಬೆಯೊಂದನ್ನು ಅರ್ಧ ಕೊಯ್ದಿದ್ದಳು. ಅದರ ಹಿಂದೆ ಎಲೆಯೊಳಗೆ ಇನ್ನೊಂದು ಕೊಂಬೆ ಅಡಗಿದ್ದು ಕಾಣಲಿಲ್ಲ. ಮಷೀನಿನ ಮೂತಿ ಅದಕ್ಕೆ ತಾಗಿತು.

ಏನಾಯಿತೆಂದು ತಿಳಿಯುವುದರೊಳಗೆ ಆಗಿಹೋಗಿತ್ತು. ಮಷೀನು ಹಾವು ಹೆಡೆ ಎತ್ತಿದ ಹಾಗೆ ಎದ್ದು ಮುಖಕ್ಕೆ ಬಂತು. ಹಣೆಯ ಹತ್ತಿರ ಕರ್ ಎಂಬ ಸದ್ದು. ಪೆಟ್ರೋಲ್ ವಾಸನೆಯ ಬಿಸಿ ಗಾಳಿ. ಮಷೀನು ಕೈ ಬಿಟ್ಟು ಪಕ್ಕದ ಹುಲ್ಲಿಗೆ ಬಿತ್ತು. ಬಿದ್ದ ಮೇಲೂ ಚೈನು ಕೊಂಚ ಹೊತ್ತು ಸುತ್ತುತ್ತಲೇ ಇತ್ತು. ಅವಳು ಕಣ್ಣಾರೆ ನೋಡಿದ್ದು ಅದೊಂದನ್ನೇ. ನಿಲ್ಲಬೇಕಾದ ಚೈನು ನಿಂತಿರಲಿಲ್ಲ.

ರೇಡಿಯೊ ಓಡಿ ಬಂದ. ಅತ್ತಿಗೆಯ ತಲೆಯ ಮೇಲಿದ್ದ ಹೆಲ್ಮೆಟ್ಟು ಅಣ್ಣನ ಬೈಕಿನದು. ನೆಲದ ಮೇಲೆ ನಿಂತು ಬೈಕ್ ಹೆಲ್ಮೆಟ್ ಹಾಕೋರನ್ನ ನಾನೆಲ್ಲೂ ಕಂಡಿಲ್ಲ ಎಂದು ಅವನು ಕಾಡಿಸದ ದಿನವಿರಲಿಲ್ಲ. ಅದರ ಹಣೆಯ ಮೇಲೆ ಬೆರಳು ತೂರುವಷ್ಟು ಆಳದ ಗೀರು ಬಿದ್ದು ಒಳಗಿನ ಬಿಳಿ ಥರ್ಮಾಕೋಲು ಕಾಣುತ್ತಿತ್ತು.

"ಅತ್ತಿಗೆ, ಮಾತಾಡಿ! ಎಲ್ಲಿ ತಾಗ್ತು? ಕಣ್ಣು ಕಾಣುತ್ತಾ?"

ಅವನೇ ಹೆಲ್ಮೆಟ್ಟು ಬಿಚ್ಚಿದ, ಹಣೆಗೆ ಗಾಯವಾಗಿರಲಿಲ್ಲ. ಅವಳು ನೀರು ಕುಡಿಯಲು ಹೋದರೆ ಲೋಟ ಹಲ್ಲಿಗೆ ಬಡಿದು ಸದ್ದು ಮಾಡಿತು. ಇಷ್ಟು ವರ್ಷದಲ್ಲಿ ಮರ ಅವಳ ಕಾಲ ಮೇಲೆ ಬಿದ್ದಿತ್ತು, ಜೇನು ಮುತ್ತಿತ್ತು. ಆದರೆ ತನ್ನ ಮುಖ ಇದ್ದಕ್ಕಿದ್ದಂತೆ ಇಲ್ಲವಾಗಬಹುದಿತ್ತು ಎಂಬುದು ಎಂದೂ ಇಷ್ಟು ಹತ್ತಿರ ಬಂದಿರಲಿಲ್ಲ.

ಮನೆಗೆ ಬಂದು, ನಡುಕ ನಿಂತ ಮೇಲೆ, ಮಷೀನಿನ ಪಕ್ಕದ ಕವಚ ಬಿಚ್ಚಿದಳು. ಚೈನು ತಿರುಗಿಸುವ ಡ್ರಮ್ಮಿನ ಸುತ್ತ ತೆಳ್ಳನೆಯ ಉಕ್ಕಿನ ಪಟ್ಟಿಯೊಂದು ಇರುತ್ತದೆ. ಬ್ರೇಕ್ ಅಂದರೆ ಅದೇ. ತಡೆ ತಳ್ಳಿದರೆ ಆ ಪಟ್ಟಿ ಡ್ರಮ್ಮನ್ನು ಬಿಗಿದು ಹಿಡಿಯಬೇಕು. ಇಲ್ಲಿ ಸ್ಪ್ರಿಂಗ್ ಇತ್ತು, ಕೊಂಡಿ ಇತ್ತು. ಟಕ್ಕೆನ್ನಲು ಬೇಕಾದದ್ದೆಲ್ಲ ಇತ್ತು. ಪಟ್ಟಿ ಮಾತ್ರ ಇರಲಿಲ್ಲ. ತುಂಡಾಗಿ ಹೋದದ್ದೂ ಅಲ್ಲ. ಯಾರೋ ನಿಧಾನವಾಗಿ ಬಿಚ್ಚಿ ತೆಗೆದು, ಸ್ಕ್ರೂಗಳನ್ನು ಅಚ್ಚುಕಟ್ಟಾಗಿ ಮತ್ತೆ ಬಿಗಿದಿದ್ದರು.

ಕೆಟ್ಟ ಮಷೀನು ಮಾರಿದವರನ್ನು ಕಂಡಿದ್ದಳು. ಕೊಲ್ಲುವ ಮಷೀನನ್ನು ಒರೆಸಿ, ಗೋಣಿ ಹೊದಿಸಿ ಕೊಟ್ಟವರನ್ನು ಇದೇ ಮೊದಲು ಕಂಡದ್ದು.

ಮಾರನೇ ದಿನ ಒಂದು ಕೈಯಲ್ಲಿ ಮಷೀನು, ಇನ್ನೊಂದರಲ್ಲಿ ಹೆಲ್ಮೆಟ್ಟು ಹಿಡಿದು ಒಬ್ಬಳೇ ಹೊಲಿಗೆಯಾಕೆಯ ಮನೆಗೆ ಹೋದಳು. ಇವತ್ತು ಗಂಡನೂ ಇದ್ದ. ಮೇಜಿನ ಮೇಲೆ ಮೊಣಕೈ ಊರಿ ಟೀ ಕುಡಿಯುತ್ತಿದ್ದವನು ಮಷೀನು ಕಂಡದ್ದೇ ಎದ್ದು ನಿಂತ.

"ನೀವೇನಾ ತಗೊಂಡಿದ್ದು? ಯಾರಿಗೆ ಕೊಟ್ಟೆ ಅಂತ ಇವಳು ಹೇಳ್ತಾನೇ ಇಲ್ಲ. ನೀವು... ಅದನ್ನ ಓಡಿಸಿದ್ರಾ?"

"ಓಡಿಸಿದೆ." ಗರಗಸದಮ್ಮ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ಇದರ ಬ್ರೇಕ್ ಪಟ್ಟಿ ಎಲ್ಲಿ?"

ಆ ಗೀರನ್ನು ನೋಡುತ್ತ ನೋಡುತ್ತ ಅವನ ಮುಖ ಸುಣ್ಣದ ಗೋಡೆಯಾಯಿತು. ಕೂರಲು ಕುರ್ಚಿ ಹುಡುಕಿದ. ಕುರ್ಚಿ ಹಿಂದೆಯೇ ಇತ್ತು, ಅವನಿಗೆ ಸಿಗಲಿಲ್ಲ.

"ನಾನೇ ಬಿಚ್ಚಿದ್ದು" ಎಂದ.

ಕಿಟಕಿಯ ಬಳಿ ಹೊಲಿಗೆ ಯಂತ್ರ ನಿಂತಿತು. "ಏನು ಬಿಚ್ಚಿದ್ದು?" ಎಂದಳು ಹೆಂಡತಿ.

ಅವನು ಗರಗಸದಮ್ಮನಿಗೆ ಹೇಳತೊಡಗಿದ, ಹೆಂಡತಿಯ ಕಡೆ ತಿರುಗಲಿಲ್ಲ. ಸಣ್ಣ ಕೊಂಬೆ ತಡೆಗೆ ತಾಗಿದರೂ ಸಾಕು, ಬ್ರೇಕು ಹಿಡಿದು ಮಷೀನು ನಿಂತುಬಿಡುತ್ತಿತ್ತಂತೆ. ಮತ್ತೆ ಮತ್ತೆ ಹಿಂದಕ್ಕೆಳೆಯುವುದು ರೇಜಿಗೆಯಾಯಿತಂತೆ. "ಎಷ್ಟೋ ಜನ ತೆಗೀತಾರಮ್ಮ. ನನಗೆ ಕೈ ಪಳಗಿತ್ತು. ಏನೂ ಆಗಿರ್ಲಿಲ್ಲ. ಅದು ಮಾರಿ ಹೋಗಿದೆ ಅಂತ ಗೊತ್ತಾದಾಗಿಂದ ಹುಡುಕ್ತಾ ಇದೀನಿ. ಕುಟ್ಟಿ ಪುಡಿ ಮಾಡ್ಬೇಕು ಅಂತಿದ್ದೆ, ಕೈ ಬಂದಿರ್ಲಿಲ್ಲ."

"ಅದೇನದು ಪಟ್ಟಿ? ಇದ್ರೆ ಏನಾಗುತ್ತೆ?" ಹೊಲಿಗೆಯಾಕೆ ಈಗ ಕೇಳಿದ್ದು ಗರಗಸದಮ್ಮನನ್ನು.

ಯಾವ ನೀರಿಗೆ ಇಳಿಯುತ್ತಿದ್ದೇನೆಂಬ ಅರಿವಿಲ್ಲದೆ ಗರಗಸದಮ್ಮ ಹೇಳಿಬಿಟ್ಟಳು. "ಮಷೀನು ಎಗರಿ ಮೈಮೇಲೆ ಬಂದ್ರೆ ಚೈನು ತಕ್ಷಣ ನಿಲ್ಲುತ್ತಮ್ಮ. ಜೀವ ಉಳಿಸೋ ಸಾಮಾನು ಅದು."

ಹೊಲಿಗೆಯಾಕೆ ಎದ್ದು ನಿಂತಳು. ತೊಡೆಯ ಮೇಲಿದ್ದ ಶರ್ಟು ನೆಲಕ್ಕೆ ಜಾರಿತು. ಅದಕ್ಕೆ ಗುಂಡಿಗಳಿರಲಿಲ್ಲ, ಒತ್ತಿದರೆ ಅಂಟುವ ಪಟ್ಟಿಗಳಿದ್ದವು.

"ಅವತ್ತು ನನ್ನ ತಮ್ಮನ ಕೈಗೆ ಇದನ್ನ ಕೊಟ್ರಲ್ಲ" ಎಂದಳು ಗಂಡನಿಗೆ, ಒಂದೊಂದೇ ಮಾತು ಆರಿಸಿ. "ಆಗ ಆ ಪಟ್ಟಿ ಇತ್ತಾ, ಇರ್ಲಿಲ್ವಾ?"

ಅವನು ತಲೆ ತಗ್ಗಿಸಿದ.

ಜಗಳಕ್ಕೆಂದು ಬಂದವಳು ಗರಗಸದಮ್ಮ. ಒಂದು ಮನೆಯ ನಡುಗೋಡೆಯನ್ನೇ ಬೀಳಿಸಿ ನಿಂತಿದ್ದಾಳೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಹಡಿಯಿಂದ ಇಳಿದು ಬಂದವನು ಹೊಲಿಗೆಯಾಕೆಯ ತಮ್ಮ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನೆಂದು ಆಮೇಲೆ ತಿಳಿಯಿತು. ಕೆಲಸವಿಲ್ಲದ ಒಂದು ದಿನ ಭಾವನಿಗೆ ನೆರವಾಗಲು ಹೋಗಿದ್ದನಂತೆ, ಕೊಯ್ಯುವಾಗ ಇದೇ ಮಷೀನು ಎಗರಿ ಭುಜಕ್ಕೆ ಇಳಿದಿತ್ತಂತೆ. ಬಲಭುಜದಲ್ಲಿ ಆಳವಾದ ಕುಳಿ. ಕೈ ನೇತಾಡುತ್ತಿತ್ತು, ಅವನದಾಗಿ ಉಳಿದಿರಲಿಲ್ಲ.

"ಅಕ್ಕಾ, ಅವರನ್ನ ಏನೂ ಅನ್ಬೇಡ. ನನಗೆ ಗೊತ್ತಿತ್ತು."

"ನಿನಗೆ ಗೊತ್ತಿತ್ತಾ? ಯಾವಾಗಿಂದ?"

"ಆಸ್ಪತ್ರೆಯಿಂದ್ಲೇ. ಭಾವ ನನ್ನ ಕಾಲು ಹಿಡ್ಕೊಂಡು ಎಲ್ಲಾ ಹೇಳಿದ್ರು. ನಿನಗೆ ಹೇಳ್ಬೇಡಿ ಅಂತ ನಾನೇ ಆಣೆ ಹಾಕಿಸಿದೆ. ನನ್ನ ಕೈಯಂತೂ ಹೋಗಿತ್ತು. ನಿನ್ನ ಸಂಸಾರ ಯಾಕೆ ಹೋಗ್ಬೇಕು?"

ಹೊಲಿಗೆಯಾಕೆ ಅಳುತ್ತಾಳೆಂದು ಗರಗಸದಮ್ಮ ಕಾದಳು. ಅವಳು ಅಳಲಿಲ್ಲ. ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಇಬ್ಬರೂ ಗುರುತಿಲ್ಲದವರೆಂಬ ಹಾಗೆ. ಆಮೇಲೆ ಮೇಜಿನ ಹತ್ತಿರ ಬಂದು ಹೆಲ್ಮೆಟ್ಟಿನ ಗೀರಿನೊಳಗೆ ಬೆರಳಿಟ್ಟಳು.

"ನಾನೊಬ್ಬಳೇ ಏನೂ ಗೊತ್ತಿಲ್ದೆ ಹೊಲೀತಾ ಕೂತಿದ್ದೆ. ಹೋಗಿ ಇವರಿಗೆ ಮಾರಿದೆ. ಇದು ಇವರ ತಲೆಗೆ ಇಳಿದಿದ್ರೆ?"

ಗರಗಸದಮ್ಮನ ಕಡೆ ತಿರುಗಿ ಕೇಳಿದಳು. "ಅಮ್ಮ, ಸುಳ್ಳು ಹೇಳ್ಬೇಡಿ. ಅದು ಇದ್ದಿದ್ರೆ ಇವನ ಕೈ ಉಳೀತಿತ್ತಾ?"

ಇಬ್ಬರು ಗಂಡಸರೂ ಗರಗಸದಮ್ಮನ ಬಾಯನ್ನೇ ನೋಡುತ್ತಿದ್ದರು.

"ಬ್ರೇಕ್ ಇದ್ರೂ ಏಟು ಬೀಳೋದುಂಟು ತಾಯಿ. ಪೂರ್ತಿ ಉಳೀತಿತ್ತು ಅಂತ ಹೇಳೋಕೆ ನಾನ್ಯಾರು? ಆದ್ರೆ ಇಷ್ಟು ಒಳಗೆ ಹೋಗ್ತಿರ್ಲಿಲ್ಲ."

ಮಷೀನನ್ನು ಎತ್ತಿಕೊಂಡು ಹೊರಬಿದ್ದಳು. ದಾರಿಯುದ್ದಕ್ಕೂ "ಎಷ್ಟೋ ಜನ ತೆಗೀತಾರಮ್ಮ" ಎಂಬ ಮಾತು ಅವಳನ್ನು ಬಿಡಲಿಲ್ಲ. ಮನೆಯ ಹಿತ್ತಲಲ್ಲಿ ರೇಡಿಯೊ ತನ್ನ ಮಷೀನಿನ ಚೈನಿಗೆ ಅರ ಉಜ್ಜುತ್ತ ಪಕ್ಕದ ಮನೆಯವನಿಗೆ ಕಥೆ ಹೇಳುತ್ತಿದ್ದ. ಅವಳು ಆ ಮಷೀನನ್ನು ಅವನ ಮುಂದಿನಿಂದ ಎಳೆದುಕೊಂಡು ಕವಚ ಬಿಚ್ಚಿದಳು.

ಅಲ್ಲೂ ಪಟ್ಟಿ ಇರಲಿಲ್ಲ.

ಎಷ್ಟೋ ಹೊತ್ತು ಅವಳಿಗೆ ಅದು ಕಂಡರೂ ಕಂಡಂತಾಗಲಿಲ್ಲ. ಹೊಲಿಗೆಯಾಕೆಯ ಮನೆಯ ಮಷೀನನ್ನೇ ಮತ್ತೆ ನೋಡುತ್ತಿದ್ದೇನೇನೋ ಎನಿಸಿತು. ಈ ಮಷೀನಿನ ಎದುರು ಆಚೆ ಬದಿಯಲ್ಲಿ ಬಗ್ಗಿ ಅದೆಷ್ಟು ದಿಮ್ಮಿ ಹಿಡಿದಿದ್ದಾಳೆ ತಾನು!

"ಯಾರು ತೆಗೆದಿದ್ದು?"

"ಅದು ಸುಮ್ಮಸುಮ್ಮನೆ ಹಿಡ್ಕೊಳ್ತಿತ್ತು ಅತ್ತಿಗೆ..." ಎಂದು ಶುರು ಮಾಡಿದ ರೇಡಿಯೊ. ಅವಳ ಮುಖ ನೋಡಿದ. ನಿನ್ನೆಯಷ್ಟೇ ಸೀಳಿದ ಹೆಲ್ಮೆಟ್ಟನ್ನು ತನ್ನ ಕೈಯಾರೆ ಅತ್ತಿಗೆಯ ತಲೆಯಿಂದ ಬಿಚ್ಚಿದವನು. ಅದಾದ ಮೇಲೂ ಅವನಿಗೆ ತನ್ನ ಮಷೀನಿನ ನೆನಪು ಬಂದಿರಲಿಲ್ಲ. ಈಗ ಬಂತು. ಅರ ಕೈಯಿಂದ ಬಿತ್ತು, ಕೂತಲ್ಲೇ ತಲೆಯ ಮೇಲೆ ಎರಡೂ ಕೈ ಹೊತ್ತ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಪಕ್ಕದ ಮನೆಯವನು ಅದೇ ಮೊದಲು ಕಂಡದ್ದು.

ಅವನ ಮಷೀನಿಗೆ ಹೊಸ ಪಟ್ಟಿ ಬಂತು. ಹೊಲಿಗೆಯಾಕೆಯ ಮನೆಯಿಂದ ಬಂದ ಮಷೀನಿಗೂ ಒಂದು ತಂದು ಕೂರಿಸಿದಳು. ಓಡಿಸಿ ತಡೆ ತಳ್ಳಿದರೆ ಚೈನು ಗಕ್ಕನೆ ನಿಂತಿತು. ಎಲ್ಲ ಸರಿಯಾಗಿತ್ತು. ಆದರೆ ಮರದ ಮುಂದೆ ನಿಂತು ಅದರ ಹಗ್ಗಕ್ಕೆ ಕೈ ಹಾಕಿದರೆ ಬೆರಳುಗಳೇ ಮಡಚಲಿಲ್ಲ. ಕೊನೆಗೆ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ಬೇರೆ ಮಷೀನುಗಳಿಗೆ ಬಳಸಿದಳು. ರಿಪೇರಿ ಅಂಗಡಿಯಲ್ಲಿ ಬೇರೆಯವರ ಮಷೀನು ಕಂಡರೂ ಕವಚ ಬಿಚ್ಚಿಸಿ ನೋಡುವ ಚಾಳಿ ಹತ್ತಿತು. ಕೆಲವರು ಬೈದರು, ಕೆಲವರು ಹಲ್ಲು ಕಿರಿದರು. ಖಾಲಿ ಕವಚಗಳು ಅವಳು ಹೆದರಿದ್ದಕ್ಕಿಂತ ಹೆಚ್ಚೇ ಸಿಕ್ಕವು.

ಹೊಲಿಗೆಯಾಕೆ ತಮ್ಮನನ್ನು ಕರೆದುಕೊಂಡು, ಹೊಲಿಗೆ ಯಂತ್ರ ಹೊರಿಸಿಕೊಂಡು ಎರಡು ಬೀದಿ ಆಚೆ ಕೋಣೆ ಹಿಡಿದಳು. ಗಂಡ ಸಂಜೆಯ ಹೊತ್ತು ಅಲ್ಲಿಗೆ ಹೋಗಿ ಬಾಮೈದನಿಗೆ ಸ್ನಾನ ಮಾಡಿಸಿ ಬರುತ್ತಾನಂತೆ. ಅವಳು ಅವನಿಗೆ ಬಾಗಿಲು ತೆಗೆಯುತ್ತಾಳೆ, ಮಾತಾಡುವುದಿಲ್ಲ.

ಮಳೆಗಾಲ ಕಳೆದ ಮೇಲೆ ಹೊಲಿಗೆಯಾಕೆಯ ಗಂಡ ಗರಗಸದಮ್ಮನ ಸೌದೆ ಅಂಗಳಕ್ಕೆ ಬಂದು ನಿಂತ. ಗಡ್ಡ ಬೆಳೆದು ಗುರುತೇ ಸಿಗದಂತಾಗಿದ್ದ.

"ಮಷೀನು ಮುಟ್ಟಲ್ಲ. ಹೊರೋ ಕೆಲಸ ಇದ್ರೆ ಕೊಡಿ."

ಕೊಡಬೇಕೋ ಬೇಡವೋ ಎಂದು ಅವಳು ಬಹಳ ಹೊತ್ತು ನಿಂತಳು. ಅವನ ಮುಖ ಕಂಡರೆ ಇವಳ ಹಣೆಯ ಚರ್ಮ ಈಗಲೂ ಬಿಗಿಯುತ್ತಿತ್ತು. ಕೊನೆಗೆ ಬೇಕರಿಗೆ ಹೋಗಬೇಕಿದ್ದ ರಾಶಿಯ ಕಡೆ ಕೈ ತೋರಿಸಿದಳು.

ಈಗ ಅವನು ಅಲ್ಲೇ ದುಡಿಯುತ್ತಾನೆ. ತುಂಡುಗಳನ್ನು ಹೊತ್ತು ಗಾಡಿಗೆ ತುಂಬುತ್ತಾನೆ. ರೇಡಿಯೊ ಹೇಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಗರಗಸದಮ್ಮ ಮಷೀನಿನ ಹಗ್ಗ ಎಳೆದಳೆಂದರೆ ಹೊರೆ ಇಳಿಸಿ, ಅಂಗಳದ ಆ ತುದಿಗೆ ಹೋಗಿ, ಸದ್ದು ನಿಲ್ಲುವವರೆಗೆ ಗೋಡೆಗೆ ಮುಖ ಮಾಡಿ ನಿಂತಿರುತ್ತಾನೆ. ಯಾರೂ ಅವನನ್ನು ಕರೆಯುವುದಿಲ್ಲ.