ಮಂಚ ಕದ್ದ ಮೂವರು

ಹಗ್ಗದ ಮಂಚ ಜೋತುಬಿದ್ದಿದೆ ಎಂದು ಮೊನ್ನೆ ನೀರು ಚಿಮುಕಿಸಿ ಬಿಗಿಸುತ್ತಿದ್ದೆ. ಒದ್ದೆ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೋಮನೂರಿನ ಪಕ್ಕದ ಮನೆ ಅತ್ತೆ ಎದುರಿಗೆ ಬಂದು ಕೂತ ಹಾಗಾಯಿತು. ಈ ಮಂಚ ಅವರದೇ...

ಎಂಬತ್ತರ ದಶಕದ ಮಾತು. ಬೇಸಿಗೆಯ ಸಂಜೆ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ ಕಿವಿ ಗುಂಯ್ ಎನ್ನುತ್ತಿತ್ತು. ಆಗ ಅತ್ತೆ ಅಂಗಳಕ್ಕೆ ಮಂಚ ಎಳೆದು ಮಕ್ಕಳಿಗೆಲ್ಲ ಕಥೆ ಹೇಳುತ್ತಿದ್ದರು. ಶಾಲೆಯಲ್ಲಿ ಸಪ್ತರ್ಷಿಗಳಾಗಿದ್ದ ಏಳು ಚುಕ್ಕಿ ಅತ್ತೆಯ ಕಥೆಯಲ್ಲಿ ಋಷಿಗಳೇ ಅಲ್ಲ. ನಾಲ್ಕು ಚುಕ್ಕಿ ಒಬ್ಬ ಮುದುಕಿಯ ಮಂಚ, ಅದನ್ನು ಎಳೆದೊಯ್ಯುವ ಮೂರು ಚುಕ್ಕಿ ಕಳ್ಳರು. ನಡುವಿನ ಕಳ್ಳನಿಗೆ ಅಂಟಿಕೊಂಡಿರುವ ಸಣ್ಣ ಚುಕ್ಕಿ, ಮಂಚ ಕೊಡಿ ಎಂದು ಬೇಡುತ್ತಾ ನಡೆಯುವ ಮುದುಕಿ.

"ಆಮೇಲೆ?"

"ಇನ್ನೂ ನಡೀತಾನೇ ಇದ್ದಾಳೆ, ನನ್ನ ಕಣ್ಣು."

ಆ ಸಣ್ಣ ಚುಕ್ಕಿಯೇ ಅರುಂಧತಿ. ಅದು ಕಾಣದವರ ಆಯಸ್ಸು ಮುಗಿಯಿತೆಂದು ನಮ್ಮವರ ನಂಬಿಕೆ. ಅತ್ತೆಯ ಗಂಡ, ನಮಗೆಲ್ಲ ಮಾಮ, ಬಟ್ಟೆಯ ಲೋಡು ಹೇರಿಕೊಂಡು ಲಾರಿ ಓಡಿಸುತ್ತಿದ್ದರು. ಅವರು ಹೊರಡುವ ಸಂಜೆ ಅತ್ತೆ ತಪ್ಪದೆ ಇದೇ ಕಥೆ ತೆಗೆದು, ನಡುವೆ ಏನೂ ಅರಿಯದವರಂತೆ, "ಮುದುಕಿ ಕಾಣ್ತಾಳಾ, ನೋಡಿ" ಎನ್ನುತ್ತಿದ್ದರು. ನಮಗದು ಕಥೆ, ಅತ್ತೆಗೆ ಗಂಡನ ಜೀವ. ಮಾಮ ತಲೆಯನ್ನೂ ಎತ್ತದೆ "ಕಂಡಳು, ಕಂಡಳು" ಎನ್ನುತ್ತಿದ್ದರು. ಮದುವೆಯ ದಿನ ಹಾಡಹಗಲಲ್ಲೇ ಅರುಂಧತಿ ಕಂಡಳೆಂದು ಒಪ್ಪಿಕೊಂಡ ಗಂಡಸಲ್ಲವೇ!

ಒಂದು ಸಂಜೆ ಮಾತ್ರ ಅವರು ನಿಜವಾಗಿಯೂ ತಲೆಯೆತ್ತಿದರು. ಬಹಳ ಹೊತ್ತು ನೋಡಿದರು.

"ಮೂರೇ ಜನ ಇದ್ದಾರಲ್ಲೇ... ಮುದುಕಿ ಎಲ್ಲಿ?"

ನಮಗೆಲ್ಲ ಕಾಣುತ್ತಿದ್ದಳು. ಅತ್ತೆ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಇವತ್ತು ಬೇಡ. ಬೇರೆ ಯಾರಾದ್ರೂ ಓಡಿಸ್ಲಿ."

ಮಾಮ ನಕ್ಕುಬಿಟ್ಟರು. "ಮಕ್ಕಳ ಕಥೆ ಕೇಳಿ ಲೋಡು ನಿಲ್ಸಕ್ಕಾಗುತ್ತಾ? ಸೀಕ್ರ ಬಂದ್ಬಿಡ್ತೀನಿ."

ಅವಿನಾಶಿ ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಲಾರಿ ಸಿಕ್ಕಿತು. ಲೋಡಿನ ಹಗ್ಗ ಬಿಚ್ಚಿರಲಿಲ್ಲ. ಬೀಗದ ಕೈ ಅಲ್ಲೇ ಇತ್ತು, ಚಪ್ಪಲಿಯೂ ಇತ್ತು. ಮಾಮ ಇರಲಿಲ್ಲ. ಊರವರು ಹುಡುಕಿದರು, ಪೊಲೀಸರು ಹುಡುಕಿದರು...

ಕೆಲವು ವಾರ ಕಳೆದು, ಕರೆಂಟು ಹೋದಾಗ, ಅತ್ತೆ ತಾವಾಗಿಯೇ ನಮ್ಮನ್ನು ಕರೆದರು. ಅದೇ ಕಥೆ, ಅದೇ ದನಿ. ಅಭ್ಯಾಸಬಲದಿಂದ ನಾವು "ಆಮೇಲೆ?" ಎಂದೆವು.

"ಮುದುಕಿ ಮನೇಗೆ ಬಂದ್ಬಿಟ್ಟಳು. ಈಗ ಅಲ್ಲಿ ನಡೀತಿರೋದು ಮಾಮ."

ತಲೆಯೆತ್ತಿ ನೋಡಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಅತ್ತೆ ಅಂದಿನಿಂದ ನೆಲದ ಮೇಲೆ ಮಲಗಿದರು, ಮಂಚ ನಮ್ಮ ಮನೆಗೆ ಬಂತು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಅವರ ಹಾಗೆ ಕಥೆ ಹೇಳುವವರು ನನಗೆ ಮತ್ತೆ ಸಿಗಲಿಲ್ಲ, ಆ ಕೊರಗು ಈಗಲೂ ಇದೆ. ಮೊನ್ನೆ ಬಿಗಿಸಿದ ಮಂಚವನ್ನು ಸಂಜೆ ಮಾಳಿಗೆಯ ಮೇಲೆ ಹಾಕಿ ಮೊಮ್ಮಗಳಿಗೆ ಮುದುಕಿಯ ಕಥೆ ಹೇಳಿದೆ.

"ಮುದುಕಿ ಅಲ್ಲಿದ್ದಾಳೆ! ನಿಂಗೆ ಕಂಡಳಾ, ಅಜ್ಜಿ?"

ನೋಡಿದೆ. ಮಂಚದ ನಾಲ್ಕು ಕಾಲು, ಮೂವರು ಕಳ್ಳರು... ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.

"ಕಂಡಳು, ಕಂಡಳು," ಎಂದೆ.