ಮಡಿಲಲ್ಲಿಟ್ಟ ಫ್ಯೂಸು

ಚಿತ್ರದುರ್ಗದ ಅಂಗಡಿಯವರು ಡಬ್ಬಿ ಬಿಚ್ಚಿ ಕಾಂಟ್ಯಾಕ್ಟರನ್ನು ಕೈಗಿಟ್ಟಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ನನಗೋ, ಅದರ ಹಿಂದೆಯೇ ಸುಟ್ಟ ವಾಸನೆಯೂ ಬಂದಂತಾಯಿತು.

"ಎಷ್ಟು ಎಚ್‌ಪಿ ಮೋಟ್ರು ಸಾರ್?"

"ಹದಿನೈದು."

"ಹಂಗಾರೆ ಇದೇ ಸಾಕು, ತಗಂಡೋಗ್ರಿ."

ಆ 'ಸಾಕು' ಎಂಬ ಮಾತೇ ನನಗೆ ಭಯ. ಕಾಂಟ್ಯಾಕ್ಟರ್ ಎಂದರೇನು ಅಂತೀರಾ? ಹಸಿರು ಗುಂಡಿ ಒತ್ತಿದರೆ ಟಕ್ ಎಂದು ಕಚ್ಚಿಕೊಂಡು ಮೋಟಾರಿಗೆ ಕರೆಂಟು ಕೊಡುತ್ತದೆ, ಕೆಂಪು ಒತ್ತಿದರೆ ಬಿಡುತ್ತದೆ. ಬಿಡಬೇಕಾದಾಗ ಬಿಡುತ್ತದೋ ಇಲ್ಲವೋ ಎನ್ನುವುದೇ ನನ್ನ ಚಿಂತೆ.

ಈ ಚಿಂತೆ ಅಂಟಿಕೊಂಡಿದ್ದು ಹೊಳಲ್ಕೆರೆ ಹತ್ತಿರದ ಚಿಕ್ಕಪ್ಪನ ತೆಂಗಿನ ನಾರಿನ ಮಿಲ್ಲಿನಲ್ಲಿ. ಅಲ್ಲಿ ಹಲ್ಲಿನ ಡ್ರಮ್ಮು ತಿರುಗಿ ಸಿಪ್ಪೆಯಿಂದ ನಾರು ಬಿಡಿಸುತ್ತಿತ್ತು. ಹಸಿ ಸಿಪ್ಪೆ ಬಿದ್ದರೆ ಸಿಕ್ಕಿಕೊಳ್ಳುತ್ತಿತ್ತು. ಆಗ ಚಿಕ್ಕಪ್ಪ ಗುಂಡಿ ಒತ್ತುವುದು, ನಿಲ್ಲಿಸುವುದು, ಮತ್ತೆ ಒತ್ತುವುದು. ಅದಕ್ಕೂ ಬಗ್ಗದಿದ್ದರೆ ಚಿಕ್ಕಮ್ಮ ಕೈ ಹಾಕಿ ನಾರೆಳೆಯುವುದು. ಚಿಕ್ಕಪ್ಪ ಕಾಂಟ್ಯಾಕ್ಟರ್ ತಂದಿದ್ದು ಬರೀ ಎಚ್‌ಪಿ ನೋಡಿ. ಬೆಳಿಗ್ಗೆ ಚಾಲೂ ಮಾಡಿ ಸಂಜೆ ನಿಲ್ಲಿಸುವ ಮೋಟಾರಿಗೆ ಅದು ಸರಿ. ಗಳಿಗೆಗೊಮ್ಮೆ ಒತ್ತಿ ನಿಲ್ಲಿಸುವ ಕಡೆ ಒಳಗೆ ಕಿಡಿ ಹಾರಿ ಹಾರಿ ಲೋಹ ಕರಗುತ್ತದೆ. ಅಲ್ಲಿಗೆ ದೊಡ್ಡ ಸೈಜಿನದೇ ಬೇಕು.

ಒಂದು ಮಧ್ಯಾಹ್ನ ಚಿಕ್ಕಪ್ಪ ಕೆಂಪು ಗುಂಡಿ ಒತ್ತಿ, "ಬಂದ್ ಆತು, ತೆಗಿಯೇ" ಎಂದರು. ಸಿಕ್ಕಿಕೊಂಡ ಡ್ರಮ್ಮು ಅಲುಗಾಡದೆ ನಿಂತಿತ್ತು. ಆದರೆ ಕಾಂಟ್ಯಾಕ್ಟರ್ ಒಳಗೇ ಬೆಸೆದುಕೊಂಡಿತ್ತು, ಕರೆಂಟು ನಿಂತಿರಲಿಲ್ಲ. ಪಕ್ಕದಲ್ಲಿ ಓಡುತ್ತಿದ್ದ ಜರಡಿ ಯಂತ್ರದ ಗದ್ದಲದಲ್ಲಿ ಡ್ರಮ್ಮಿನ ಮೋಟಾರು ಗುಂಯ್ಗುಡುವುದು ಯಾರಿಗೆ ಕೇಳಬೇಕು! ಚಿಕ್ಕಮ್ಮ ನಾರೆಳೆದದ್ದೇ ತಡ, ಡ್ರಮ್ಮು ಗಿರ್ರನೆ ತಿರುಗಿತು. ಬಳೆಗಳೆಲ್ಲ ಪುಡಿಪುಡಿ. ಕೈ ಉಳಿಯಿತು, ಅದು ಹೇಗೆಂದು ಈಗಲೂ ನನಗೆ ಗೊತ್ತಿಲ್ಲ.

"ನಿಮ್ಮ ಬಟನ್ ನಿಮ್ಮತ್ರಾನೇ ಇರ್ಲಿ" ಎಂದಳು ಚಿಕ್ಕಮ್ಮ. "ನನ್ ಕೈ ಒಳಗ್ ಹೋಗೋ ಹೊತ್ಗೆ ಫ್ಯೂಜು ನನ್ ಮಡ್ಲಾಗಿರ್ಬೇಕು."

ಅಂದಿನಿಂದ ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸು ಕಿತ್ತು, ಮಡಿಲಿಗೆ ಹಾಕಿಕೊಂಡೇ ಕೈ ಹಾಕುವಳು. "ಏನಮ್ಮ, ಬಾಗ್ನ ತುಂಬ್ಕಂಡೀಯಾ?" ಎಂದು ಜನ ನಗುತ್ತಿದ್ದರು. ನಗಲಿ ಎನ್ನುವಳು.

ಈಗ ಆ ಮಿಲ್ಲು ಅವರ ಮಗಳು ಮಂಜುಳಾಳದು. ಕಾಂಟ್ಯಾಕ್ಟರ್ ಹೋಗಿದೆ, ಆರಿಸಿಕೊಂಡು ಬಾ ಎಂದಿದ್ದಳು. ಡಿಪ್ಲೊಮಾ ಓದಿದ ತಪ್ಪಿಗೆ ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನ್ನ ತಲೆಗೇ.

"ಇದಕ್ಕಿಂತ ದೊಡ್ಡದು ಕೊಡ್ರಿ. ಇಲ್ಲ, ಅದಕ್ಕಿಂತಲೂ."

"ನೀವು ಮೋಟ್ರಿಗಲ್ಲ ಸಾರ್, ನಿಮ್ಮ ಭಯಕ್ಕೆ ಸೈಜ್ ನೋಡ್ತಿದೀರಿ!"

ನೋಡಿದರೇನು ತಪ್ಪು? ಕೊಂಡು ಮಿಲ್ಲಿಗೆ ಹೋದೆ. ವೈರ್‌ಮನ್ ಕೂರಿಸಿದ. ನಾನು ಒತ್ತಿ ನೋಡಿದೆ, ನಿಲ್ಲಿಸಿ ನೋಡಿದೆ, ಮತ್ತೆ ಮತ್ತೆ.

"ಸಾಕು ಬಿಡಣ್ಣ, ನೀನೇ ಸವೆಸ್ತೀಯ" ಎಂದಳು ಮಂಜುಳಾ.

ಮೊದಲ ಸಿಪ್ಪೆಗೇ ಡ್ರಮ್ಮು ಸಿಕ್ಕಿಕೊಂಡಿತು. ಮಂಜುಳಾ ಮೇನ್ ಇಳಿಸಿ ಫ್ಯೂಸು ಕಿತ್ತಳು. ಚೂಡಿದಾರಕ್ಕೆ ಮಡಿಲೆಲ್ಲಿ? "ಹಿಡ್ಕಣ್ಣ" ಎಂದು ನನ್ನ ಅಂಗೈಗೆ ಸುರಿದಳು. ಅಂಗಿಯ ಜೇಬಿಗೆ ಹಾಕಿ, ಮೇಲೆ ಕೈ ಒತ್ತಿಕೊಂಡು, ಅವಳ ಎರಡೂ ಕೈ ಹೊರಗೆ ಬರುವವರೆಗೆ ನಿಂತೆ. ಆಮೇಲೆ ಟೀ ಕುಡಿದೆವು. ಅಷ್ಟರಲ್ಲಿ ದುರ್ಗದ ಬಸ್ಸು ಬಂತು, ಓಡಿದೆ.

ಅರ್ಧ ದಾರಿಗೆ ಫೋನು. "ಅಣ್ಣಾ, ಫ್ಯೂಜು ಎಲ್ಲಿ?"

ಜೇಬು ಮುಟ್ಟಿದೆ. ಮೂರೂ ಅಲ್ಲೇ ಇದ್ದವು.

"ಇಳಿದು ವಾಪಸ್ ಬರ್ತೀನಮ್ಮ" ಎಂದೆ. ಪಾಪ, ಅವಳ ಮಿಲ್ಲು ನಿಂತಿತ್ತು. ನನಗೆ ಮಾತ್ರ ಬೆಳಗಿನಿಂದ ಮೊದಲ ಸಲ ಜೀವ ತಣ್ಣಗಾಗಿತ್ತು. ವಾಪಸ್ ಹೋಗುವ ಬಸ್ಸು ನಿಧಾನವಾಗಿಯೇ ಬರಲಿ ಎನ್ನಿಸಿತು.